ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಿಂದ ಸೈಕಲ್ ಕಳವು: ಮನೆ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಆಗುತ್ತಾ?

ಗಿರಿನಗರ_ಗೇರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಿಂದ ನನ್ನ ಸೈಕಲ್ ಕಳವಾಗಿದೆ. ಅಲ್ಯುಮಿನಿಯಂ ಫ್ರೇಮಿನ ಹೈಬ್ರಿಡ್, 2022ರಲ್ಲಿ 68,000 ಕೊಟ್ಟು ತಗೊಂಡದ್ದು. ನಮ್ಮದೇ ಪಾರ್ಕಿಂಗ್ ಜಾಗದಲ್ಲಿ, ಕಾರಿನ ಹಿಂದೆ, ಗೋಡೆಯ ಪೈಪಿಗೆ ಕೇಬಲ್ ಲಾಕ್ ಹಾಕಿ ನಿಲ್ಲಿಸಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಕತ್ತರಿಸಿದ ಕೇಬಲ್ ಮಾತ್ರ ನೆಲದ ಮೇಲಿತ್ತು. ಸಿಸಿಟಿವಿಯಲ್ಲಿ ಬೆಳಗಿನ ಜಾವ ಟೋಪಿ ಹಾಕಿಕೊಂಡ ಒಬ್ಬ ಸೈಕಲ್ ತಳ್ಳಿಕೊಂಡು ಹಿಂದಿನ ಗೇಟಿನ ಕಡೆ ಹೋಗುವುದು ಕಾಣುತ್ತದೆ. ಮುಖ ಕಾಣುವುದಿಲ್ಲ.

ಅವತ್ತೇ ಠಾಣೆಗೆ ಹೋದೆ. ಮೊದಲು "ಇ-ಲಾಸ್ಟ್‌ನಲ್ಲಿ ಒಂದು ರಿಪೋರ್ಟ್ ಹಾಕಿಬಿಡಿ ಸಾರ್, ಸಾಕು" ಎಂದರು (ಕಳೆದುಹೋದ ವಸ್ತುಗಳಿಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆ ಅದು). ಇನ್ಶೂರೆನ್ಸ್‌ಗೆ ಬೇಕು ಎಂದು ಕೂತ ಮೇಲೆ ಎಫ್‌ಐಆರ್ ಮಾಡಿಕೊಟ್ಟರು. ಅಷ್ಟರಲ್ಲಿ ಅಪ್ಪನಿಗೆ ಹುಷಾರಿಲ್ಲ ಎಂದು ಫೋನ್ ಬಂತು, ಶಿರಸಿಗೆ ಹೋಗಬೇಕಾಯಿತು, ವಾಪಸ್ ಬಂದಮೇಲೆಯೇ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ದು. ಕಾಲ್ ಸೆಂಟರ್‌ನಲ್ಲಿ ಮೂರು ಮಾತು ಹೇಳಿದರು. ಒಂದು, ಪಾರ್ಕಿಂಗ್ ಅಂದರೆ ಕಾಮನ್ ಏರಿಯಾ, ಮನೆಯೊಳಗಿಂದ ಹೋಗಿದ್ದರೆ ಮಾತ್ರ ಕವರ್. ಎರಡು, ತಿಳಿಸುವುದು ತಡವಾಗಿದೆ. ಮೂರು, ಪೊಲೀಸರ ಫೈನಲ್ ರಿಪೋರ್ಟ್ ಇಲ್ಲದೆ ಕ್ಲೇಮ್ ಮುಂದೆ ಹೋಗುವುದಿಲ್ಲ.

ಪಾಲಿಸಿ ಮನೆ ಸಾಲದ ಜೊತೆ ಬಂದದ್ದಲ್ಲ, ನಾನೇ ಆನ್‌ಲೈನ್‌ನಲ್ಲಿ ತಗೊಂಡದ್ದು, ಕಟ್ಟಡ ಮತ್ತು ಒಳಗಿನ ವಸ್ತು ಎರಡಕ್ಕೂ. ಇಲ್ಲಿ ಯಾರಾದರೂ ಸೈಕಲ್‌ಗೆ ಹೀಗೆ ಕ್ಲೇಮ್ ಮಾಡಿದ್ದೀರಾ? ಹಿಂದೆ ಬಿದ್ದರೆ ಏನಾದರೂ ಸಿಗುತ್ತಾ, ಅಥವಾ ಸುಮ್ನೆ ಓಡಾಟವಾ?

ನಂದಿಬೆಟ್ಟ_ಭಾನುವಾರ

ಛೆ, ಬೇಜಾರಾಯಿತು. ಮೊದಲು ಮಾಡಬೇಕಾದ ಕೆಲಸ ಒಂದೇ. ಕಾಲ್ ಸೆಂಟರ್ ಮಾತು ಬಿಡಿ, ಪಾಲಿಸಿಯ ಪಿಡಿಎಫ್ ತೆಗೆದು ಶೆಡ್ಯೂಲ್ ಪುಟ ನೋಡಿ. ಯಾವ ಹೆಸರಿನ ಪಾಲಿಸಿ, ಯಾವ ಯಾವ ಕವರ್‌ಗೆ ಪ್ರೀಮಿಯಂ ಕಟ್ಟಿದ್ದೀರಿ ಎಂದು ಸಾಲುಸಾಲಾಗಿ ಇರುತ್ತದೆ.

ಯಾಕೆಂದರೆ ಈಗ ಜಾಸ್ತಿ ಜನರ ಹತ್ತಿರ ಇರುವುದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರಲೇಬೇಕಾದ, ಒಂದೇ ಮಾದರಿಯ ಪಾಲಿಸಿ ಅದು. ಬೆಂಕಿ, ಸಿಡಿಲು, ನೆರೆ, ಭೂಕಂಪ, ಗಲಭೆ ಎಲ್ಲ ಇದೆ. ಕಳವು? ಇದೆ, ಆದರೆ ಈ ಬೆಂಕಿ, ನೆರೆ ಥರದ ಅನಾಹುತ ಆಗಿ, ಅದರಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ. ಬರೀ ಕಳ್ಳ ಬಂದು ಹೊತ್ತುಕೊಂಡು ಹೋದರೆ ಮೂಲ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ. ನಮ್ಮ ರೈಡಿಂಗ್ ಗುಂಪಿನಲ್ಲಿ ಒಬ್ಬರಿಗೆ ಇದೇ ಆಯಿತು. ಮನೆಗೆ ಇನ್ಶೂರೆನ್ಸ್ ಇದೆ, ಕಳ್ಳತನ ಸೇರಿರುತ್ತದೆ ಅಂದುಕೊಂಡಿದ್ದರು, ಪಾಪ. ಬರ್ಗ್ಲರಿ, ಅಂದರೆ ಒಡೆದು ನುಗ್ಗಿ ಮಾಡುವ ಕಳ್ಳತನ, ಅದಕ್ಕೆ ಆಡ್-ಆನ್ (ಹೆಚ್ಚುವರಿ ಕವರ್) ಬೇರೆಯಾಗಿ ತಗೊಂಡಿದ್ದೀರಾ ನೋಡಿ. ಅದಿಲ್ಲದಿದ್ದರೆ ಮುಂದಿನ ಮಾತೇ ಇಲ್ಲ.

ಗೊಣಗಾಟ

68 ಸಾವಿರದ ಸೈಕಲ್‌ಗೆ 300 ರೂಪಾಯಿಯ ಕೇಬಲ್ ಲಾಕ್. ಕಳ್ಳನಿಗೆ ಕಟ್ಟಿಂಗ್ ಪ್ಲೇಯರ್ ಕೂಡ ಬೇಕಿರಲಿಲ್ಲ ಬಿಡಿ. ಸೈಕಲ್ಲನ್ನು ಮನೆಯೊಳಗೆ ಹಾಲ್‌ನಲ್ಲಿ ಇಟ್ಟುಕೊಳ್ಳಿ. ಹೆಂಡತಿ ಬೈಯ್ಯುತ್ತಾರೆ, ಸೈಕಲ್ ಉಳಿಯುತ್ತದೆ.

ಗಿರಿನಗರ_ಗೇರ್

@ನಂದಿಬೆಟ್ಟ_ಭಾನುವಾರ ಥ್ಯಾಂಕ್ಸ್. ಶೆಡ್ಯೂಲ್ ನೋಡಿದೆ. ಭಾರತ್ ಗೃಹ ರಕ್ಷಾನೇ. ಕೆಳಗೆ "ಬರ್ಗ್ಲರಿ ಅಂಡ್ ಹೌಸ್‌ಬ್ರೇಕಿಂಗ್" ಎಂದು ಬೇರೆ ಸಾಲು ಇದೆ, ಮಿತಿ 2 ಲಕ್ಷ. ಅದರ ಷರತ್ತಿನಲ್ಲಿ "ಬಲಪ್ರಯೋಗದಿಂದ ಒಳಗೆ ನುಗ್ಗಿ ಅಥವಾ ಹೊರಗೆ ಹೋಗಿ" ಎನ್ನುವ ಅರ್ಥದ ವಾಕ್ಯ ಇದೆ. ಲಾಕ್ ಕತ್ತರಿಸಿದ್ದು ಬಲಪ್ರಯೋಗವೇ ತಾನೇ?

@ಗೊಣಗಾಟ ಹಾಲ್‌ನಲ್ಲಿ ಈಗಾಗಲೇ ಮಗಳ ಸೈಕಲ್ ಇದೆ ಸ್ವಾಮಿ.

ಹಳೇ_ಸರ್ವೇಯರ್

ನಾನು ಇನ್ಶೂರೆನ್ಸ್ ಸರ್ವೇಯರ್, ಅಂದರೆ ಕ್ಲೇಮ್ ಬಂದಾಗ ನಷ್ಟ ಪರಿಶೀಲಿಸಿ ಅಂದಾಜು ಮಾಡುವ ಕೆಲಸದಲ್ಲಿದ್ದವನು, ಈಗ ನಿವೃತ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಲಾಕ್ ಕತ್ತರಿಸಿದ್ದು ಬಲಪ್ರಯೋಗ ಹೌದು. ಆದರೆ ಕಂಪನಿ ಕೇಳುವುದು ಅದನ್ನಲ್ಲ. ಜಾಗದೊಳಗೆ ಬರಲು ಅಥವಾ ಹೊರಗೆ ಹೋಗಲು ಕಳ್ಳ ಏನನ್ನಾದರೂ ಒಡೆದನಾ ಎಂದು ಕೇಳುತ್ತದೆ. ತೆರೆದ ಗೇಟಿನಿಂದ ನಡೆದು ಬಂದು, ಸೈಕಲ್‌ನ ಲಾಕ್ ಕತ್ತರಿಸಿ, ಅದೇ ಗೇಟಿನಿಂದ ಹೋದರೆ ಅದು ಕಳವು, ಬರ್ಗ್ಲರಿ ಅಲ್ಲ ಎನ್ನುತ್ತಾರೆ. ಇದು ಸುಮ್ನೆ ಹೇಳುವ ಕುಂಟುನೆಪವೂ ಅಲ್ಲ. 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಪಾಲಿಸಿಯಲ್ಲಿ ಬಲಪ್ರಯೋಗ ಇರಬೇಕು ಎಂದು ಬರೆದಿದ್ದರೆ, ಅದು ನಡೆದಿರಲೇಬೇಕು, ಬರೀ ಕಳವಿಗೆ ಹಣ ಕೊಡಬೇಕಿಲ್ಲ ಎಂದು. ನಿಮಗೆ ಬರುವ ತಿರಸ್ಕಾರದ ಪತ್ರದಲ್ಲಿ ಈ ತೀರ್ಪಿನ ಹೆಸರು ಇದ್ದರೂ ಆಶ್ಚರ್ಯ ಪಡಬೇಡಿ.

ಹಾಗಾಗಿ ನನ್ನ ಪ್ರಶ್ನೆ ಒಂದೇ. ನೀವು ಬರೆದಿದ್ದೀರಿ, ಅವನು ಹಿಂದಿನ ಗೇಟಿನ ಕಡೆ ಹೋದ ಎಂದು. ಆ ಗೇಟಿಗೆ ರಾತ್ರಿ ಬೀಗ ಇರುತ್ತದಾ? ಅವತ್ತು ಬೆಳಿಗ್ಗೆ ಆ ಬೀಗ ಏನಾಗಿತ್ತು?

ಇನ್ನು ಪಾರ್ಕಿಂಗ್ ವಿಷಯ. ಕಾಲ್ ಸೆಂಟರ್‌ನವರು "ಕಾಮನ್ ಏರಿಯಾ" ಎಂದಾಕ್ಷಣ ಒಪ್ಪಬೇಡಿ. ಭಾರತ್ ಗೃಹ ರಕ್ಷಾದ ವ್ಯಾಖ್ಯೆಗಳ ಪುಟ ಓದಿ. ಮನೆಯ ಕಟ್ಟಡ ಎಂದರೆ ಏನೇನು ಸೇರುತ್ತದೆ ಎನ್ನುವಲ್ಲಿ ಗ್ಯಾರೇಜ್, ಪಾರ್ಕಿಂಗ್ ಜಾಗ, ಕಾಂಪೌಂಡ್ ಗೋಡೆ, ಗೇಟು ಎಲ್ಲ ಹೆಸರಿಸಿದ್ದಾರೆ. ನಿಮ್ಮ ಪಾರ್ಕಿಂಗ್ ಕ್ರಯಪತ್ರದಲ್ಲಿ ನಂಬರ್ ಸಮೇತ ನಿಮ್ಮ ಫ್ಲಾಟಿಗೆ ಸೇರಿದ್ದರೆ ಆ ಪುಟದ ಪ್ರತಿ ಕ್ಲೇಮ್ ಜೊತೆ ಇಡಿ. ಆಗ ಅದು ಎಲ್ಲರ ಜಾಗ ಎನ್ನುವ ವಾದ ನಿಲ್ಲುವುದು ಕಷ್ಟ. ಆಡ್-ಆನ್‌ನಲ್ಲಿ ಜಾಗಕ್ಕೆ ಬೇರೆ ವ್ಯಾಖ್ಯೆ ಇದೆಯಾ ಎಂಬುದನ್ನೂ ನೋಡಿ. ಇದ್ದರೆ ಅದೇ ಮೇಲುಗೈ.

ಇನ್ನೊಂದು, ಫೋನ್‌ನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಲಿಖಿತವಾಗಿ ತಿರಸ್ಕರಿಸುವ ತನಕ ನಿಮ್ಮ ಕ್ಲೇಮ್ ತಿರಸ್ಕಾರ ಆಗಿಲ್ಲ. ಕ್ಲೇಮ್ ನಂಬರ್ ತಗೊಂಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಈಮೇಲ್ ಹಾಕಿ, ಸರ್ವೇಯರ್ ಕಳಿಸಿ ಎಂದು ಕೇಳಿ. ಕಾಲ್ ಸೆಂಟರ್‌ನಲ್ಲಿ ನಿರುತ್ಸಾಹಗೊಳಿಸಿ ಕಳಿಸಿದರೆ ಅರ್ಧ ಜನ ಅಲ್ಲಿಗೇ ಬಿಡುತ್ತಾರೆ. ನನ್ನ ಕಾಲದಲ್ಲಿ ಅದನ್ನು ಬಾಗಿಲಲ್ಲೇ ಕೈ ತೊಳೆಯುವುದು ಎನ್ನುತ್ತಿದ್ದೆವು.

ಗಿರಿನಗರ_ಗೇರ್

ಅಯ್ಯೋ, ಬೀಗದ ವಿಷಯ ಇಷ್ಟು ಮುಖ್ಯ ಎಂದು ಯಾರೂ ಹೇಳಿರಲಿಲ್ಲ. ಈಗ ಸೆಕ್ಯುರಿಟಿಯವರನ್ನು ಕೇಳಿದೆ. ಹಿಂದಿನ ಗೇಟಿಗೆ ರಾತ್ರಿ ಹತ್ತಕ್ಕೆ ಬೀಗ ಹಾಕುತ್ತಾರೆ. ಅವತ್ತು ಬೆಳಿಗ್ಗೆ ಚಿಲಕ ಬಗ್ಗಿಸಿ ಬೀಗ ಕಿತ್ತುಹಾಕಿತ್ತಂತೆ. ಅಸೋಸಿಯೇಷನ್ ಕಾರ್ಯದರ್ಶಿ ಅದರ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಾರೆ, ವೆಲ್ಡಿಂಗ್‌ನವರಿಗೆ ಕೊಟ್ಟ ಬಿಲ್ ಕೂಡ ಇದೆ. ಆದರೆ ಎಫ್‌ಐಆರ್‌ನಲ್ಲಿ ಇದು ಒಂದು ಸಾಲೂ ಇಲ್ಲ. "ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದ ಸೈಕಲನ್ನು ಯಾರೋ ಕಳ್ಳರು ಕಳವು ಮಾಡಿಕೊಂಡು ಹೋಗಿರುತ್ತಾರೆ", ಅಷ್ಟೇ. ಸೆಕ್ಷನ್ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303(2), ಅಂದರೆ ಸಾಮಾನ್ಯ ಕಳವು. ಈಗ ಬದಲಾಯಿಸಬಹುದಾ?

ಕೋರ್ಟ್_ಹಾಲ್_3

ಎಫ್‌ಐಆರ್ ಬದಲಾಯಿಸಲು ಬರುವುದಿಲ್ಲ. ಬರೆದದ್ದು ಬರೆದದ್ದೇ. ಆದರೆ ತನಿಖೆ ಇನ್ನೂ ನಡೆಯುತ್ತಿದೆ ಅಲ್ವಾ, ತನಿಖಾಧಿಕಾರಿಗೆ ಒಂದು ಪತ್ರ ಕೊಡಿ. ಗೇಟಿನ ಬೀಗ ಮುರಿದಿತ್ತು, ಫೋಟೋ ಇದೆ, ಬಿಲ್ ಇದೆ, ವಾಚ್‌ಮನ್ ಸಾಕ್ಷಿ ಇದ್ದಾರೆ, ನನ್ನ ಮರುಹೇಳಿಕೆ ತಗೊಳ್ಳಿ ಎಂದು ಬರೆಯಿರಿ. ಪತ್ರದ ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸ್ಥಳ ಮಹಜರಿನಲ್ಲಿ ಗೇಟಿನ ಪ್ರಸ್ತಾಪ ಇದೆಯಾ ಎಂದು ಕೇಳಿ, ಇದ್ದರೆ ಅದರ ಪ್ರತಿ ಚಿನ್ನದಂಥ ದಾಖಲೆ. ವಾಸದ ಕಟ್ಟಡದಲ್ಲಿ ಕಳವು ಎಂದರೆ 305, ಬೀಗ ಮುರಿದು ನುಗ್ಗಿದ್ದಕ್ಕೆ 331. ಪೊಲೀಸರು ಸಾಮಾನ್ಯ ಕಳವು ಬೇರೆ, ಕನ್ನ ಕಳವು ಬೇರೆ ಎಂದೇ ಲೆಕ್ಕ ಇಡುತ್ತಾರೆ. ಸೆಕ್ಷನ್ ಸೇರಿಸಬೇಕೋ ಬೇಡವೋ ಎನ್ನುವುದು ಅವರ ತೀರ್ಮಾನ. ಸೇರಿಸದಿದ್ದರೂ ನಿಮ್ಮ ಮರುಹೇಳಿಕೆ ಕಡತದಲ್ಲಿ ಇರುತ್ತದೆ, ಇನ್ಶೂರೆನ್ಸ್‌ನವರ ಮುಂದೆ ಅದು ಸಾಕಷ್ಟು ಬಲ ಕೊಡುತ್ತದೆ.

ಇ-ಲಾಸ್ಟ್‌ಗೆ ಒಪ್ಪದೇ ಇದ್ದದ್ದು ಬಹಳ ಒಳ್ಳೆಯದಾಯಿತು. ಅದು ಕಳೆದುಹೋದ ವಸ್ತುಗಳಿಗೆ. ಬಸ್ಸಲ್ಲಿ ಪರ್ಸ್ ಬಿಟ್ಟವರಿಗೆ, ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರಿಗೆ. ಅದನ್ನು ಹಾಕಿದರೆ ನೀವೇ "ಕಳವಾಗಿಲ್ಲ, ಕಳೆದುಹೋಯಿತು" ಎಂದು ಬರೆದುಕೊಟ್ಟ ಹಾಗೆ. ಬೇರೆಯವರಿಗೂ ಹೇಳುತ್ತೇನೆ, ಬಿಲ್ ತಗೊಂಡೇ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧ, ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಂದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾತ್ರ ಸಿಗುತ್ತದೆ, ಎಫ್‌ಐಆರ್ ಅಲ್ಲ. "ಹಳೇ ಸೈಕಲ್ ತಾನೇ, ಒಂದು ನಾಲ್ಕು ಸಾವಿರ ಬರೀತೀನಿ" ಎಂದರೆ ಒಪ್ಪಬೇಡಿ. ಎಫ್‌ಐಆರ್‌ನ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು, ಇದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರಲ್ಲೇ ಇದೆ.

ಫೈನಲ್ ರಿಪೋರ್ಟ್ ಎಂದು ಅವರು ಕೇಳುತ್ತಿರುವುದು ನಮ್ಮಲ್ಲಿ ಹೇಳುವ "ಸಿ" ರಿಪೋರ್ಟ್. ಕಳವು ನಿಜ, ಆದರೆ ಆರೋಪಿ ಪತ್ತೆಯಾಗಲಿಲ್ಲ ಎಂದು ಪೊಲೀಸರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸಲ್ಲಿಸುವ ವರದಿ. "ಬಿ" ರಿಪೋರ್ಟ್ ಬೇರೆ, ಅದು ದೂರಿನಲ್ಲಿ ಹುರುಳಿಲ್ಲ ಎನ್ನುವುದು. ಅದು ಬಂದರೆ ಕ್ಲೇಮ್ ಮುಗಿಯಿತು. ಸಿ ರಿಪೋರ್ಟ್‌ಗೆ ತಿಂಗಳುಗಳೇ ಹಿಡಿಯುತ್ತದೆ, ಠಾಣೆಗೆ ಆಗಾಗ ಹೋಗಿ ನೆನಪಿಸದಿದ್ದರೆ ಇನ್ನೂ ಜಾಸ್ತಿ. ಕಂಪನಿ ಅಲ್ಲಿಯವರೆಗೆ ಸರ್ವೇ ಕೂಡ ಮಾಡದೆ ಕೂರುವಂತಿಲ್ಲ.

ನಂದಿಬೆಟ್ಟ_ಭಾನುವಾರ

ಮತ್ತೆ ತಡವಾಗಿ ತಿಳಿಸಿದ್ದಾರೆ ಎನ್ನುವ ಮಾತಿಗೆ ಏನು ಹೇಳಬೇಕು? ಅದನ್ನು ಹಿಡಿದುಕೊಂಡರೆ?

ಕೋರ್ಟ್_ಹಾಲ್_3

ಹಿಡಿದುಕೊಳ್ಳಲಿ. ಗುರ್‌ಶಿಂದರ್ ಸಿಂಗ್ ಪ್ರಕರಣ ಇದೆ, 2020ರ ಜನವರಿ, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ. ಟ್ರ್ಯಾಕ್ಟರ್ ಕಳವಾದ ದಿನವೇ ಎಫ್‌ಐಆರ್ ಆಗಿತ್ತು, ವಿಮಾ ಕಂಪನಿಗೆ ತಿಳಿಸಿದ್ದು 52 ದಿನ ಕಳೆದ ಮೇಲೆ. ಪೊಲೀಸರಿಗೆ ತಕ್ಷಣ ಹೇಳಿದ್ದಾರೆ, ಕಳವು ನಿಜ ಎಂದೂ ಗೊತ್ತಾಗಿದೆ, ಹಾಗಿದ್ದಾಗ ಕಂಪನಿಗೆ ತಿಳಿಸಲು ತಡವಾಯಿತು ಎಂಬುದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಕೋರ್ಟ್ ಹೇಳಿತು. ಅದು ವಾಹನದ ಪಾಲಿಸಿ, ಇದು ಮನೆಯದ್ದು, ನಿಜ. ಆದರೂ ತರ್ಕ ಒಂದೇ. ತಡವಾದದ್ದು ಯಾಕೆ ಎಂದು ಎರಡು ಸಾಲು ಬರೆದು, ತಂದೆಯವರ ಆಸ್ಪತ್ರೆ ಚೀಟಿ ಜೊತೆಗೆ ಇಡಿ. ಬಸ್ ಟಿಕೆಟ್ ಇದ್ದರೆ ಅದನ್ನೂ.

ಇಸಾರ್_ದಡದಿಂದ

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಹೌಸ್‌ರಾಟ್ ಎಂಬ ಮನೆ ಸಾಮಾನಿನ ಇನ್ಶೂರೆನ್ಸ್ ಬಹಳ ಜನರ ಹತ್ತಿರ ಇರುತ್ತದೆ. ನೆಲಮಾಳಿಗೆಯ ಬೀಗ ಒಡೆದು ಸೈಕಲ್ ಕದ್ದರೆ ಅದರಲ್ಲೇ ಸಿಗುತ್ತದೆ, ಅದೂ ಹೊಸದರ ಬೆಲೆ. ಬೀದಿಯಲ್ಲಿ, ಸ್ಟೇಷನ್ ಮುಂದೆ ನಿಲ್ಲಿಸಿದ್ದು ಹೋದರೆ ಇಲ್ಲ, ಅದಕ್ಕೆ ಸೈಕಲ್ ಷರತ್ತು ಎಂದು ಬೇರೆ ದುಡ್ಡು ಕಟ್ಟಬೇಕು. ಹಳೆಯ ಕರಾರುಗಳಲ್ಲಿ ಇನ್ನೂ ಒಂದು ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಸುಮ್ಮನೆ ನಿಂತ ಸೈಕಲ್‌ಗೆ ಕವರ್ ಇಲ್ಲ ಎಂದು. ಅಂದರೆ ಬೀಗ ಒಡೆದಿತ್ತಾ ಎಂಬ ಪ್ರಶ್ನೆ ಇಲ್ಲೂ ತಪ್ಪಿದ್ದಲ್ಲ. ಪೊಲೀಸ್ ದೂರನ್ನು ಮಾತ್ರ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲೇ ಹಾಕಬಹುದು.

ಹಳೇ_ಸರ್ವೇಯರ್

ಬೀಗ ಮುರಿದಿತ್ತು ಎಂದ ಮೇಲೆ ನಿಮ್ಮ ಕೇಸಿಗೆ ಜೀವ ಬಂತು. ಈಗ ಹಣದ ಲೆಕ್ಕ.

ಮೊದಲು ಸೈಕಲ್ ನಿಮ್ಮದೇ ಎಂದು ತೋರಿಸಬೇಕು. ಅಂಗಡಿಯ ಜಿಎಸ್‌ಟಿ ಬಿಲ್ ಇದ್ದರೆ ಸರಿ, ಅದರಲ್ಲಿ ಫ್ರೇಮ್ ನಂಬರ್ ಇದ್ದರೆ ಇನ್ನೂ ಸರಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲ್ ಕೂರುವ ಜಾಗದ ಕೆಳಗೆ ಕೆತ್ತಿರುತ್ತದೆ. ಬಿಲ್ ಕಳೆದುಹೋಗಿದ್ದರೆ ಅಂಗಡಿಯವರ ಹತ್ತಿರ ನಕಲು ಕೇಳಿ, ಕಾರ್ಡ್ ಅಥವಾ ಯುಪಿಐ ಪಾವತಿಯ ದಾಖಲೆ ತೆಗೆಸಿ, ಸರ್ವೀಸ್ ಬಿಲ್ ಹುಡುಕಿ, ರೈಡ್‌ಗಳಲ್ಲಿ ತೆಗೆಸಿಕೊಂಡ ಫೋಟೋ ಕೂಡ ಕೆಲಸಕ್ಕೆ ಬರುತ್ತದೆ. ಒಂದು ಸಣ್ಣ ಖುಷಿ ಎಂದರೆ, ದಾಖಲೆ ಇಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲೇ ಇದೆ. ಕಂಪನಿಯವರು ಹತ್ತನೇ ಸಲ ಹೊಸ ಕಾಗದ ಕೇಳಿದಾಗ ಅದನ್ನು ನೆನಪಿಸಿ.

ಎಷ್ಟು ಸಿಗುತ್ತದೆ? ಮೂಲ ಪಾಲಿಸಿಯಲ್ಲಿ ವಸ್ತುಗಳಿಗೆ ಬದಲಿ ಬೆಲೆಯ ಆಧಾರ, ಅಂದರೆ ಅಂಥದ್ದೇ ಹೊಸದಕ್ಕೆ ಆಗುವ ಖರ್ಚು. ಆದರೆ ಆಡ್-ಆನ್‌ಗಳಲ್ಲಿ ಕೆಲವು ಕಂಪನಿಗಳು ಸವಕಳಿ ಕಳೆಯುತ್ತವೆ, ಮೊದಲ ಇಷ್ಟು ಸಾವಿರ ನಿಮ್ಮದೇ ಎಂದೂ ಬರೆದಿರುತ್ತವೆ. ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. ಹೊಸದರ ಬೆಲೆ ಲೆಕ್ಕಕ್ಕೆ ಹಿಡಿದರೂ ಅವರು ಇವತ್ತಿನ ಬೆಲೆ ನೋಡುತ್ತಾರೆ, ನೀವು ಕೊಟ್ಟ 68,000 ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕೇ ಕೊಟೇಶನ್ ಕಡಿಮೆ ಬಂದರೆ ಗಾಬರಿ ಬೇಡ. ಆ ಮಾಡೆಲ್ ಈಗ ಬರುತ್ತಿಲ್ಲ ಎಂದಾದರೆ ಅದಕ್ಕೆ ಹತ್ತಿರದ ಮಾಡೆಲ್‌ನ ಕೊಟೇಶನ್ ಅಂಗಡಿಯ ಲೆಟರ್‌ಹೆಡ್‌ನಲ್ಲಿ ತಗೊಳ್ಳಿ. ನೀವೇ ಕೊಡದಿದ್ದರೆ ಸರ್ವೇಯರ್ ಗೂಗಲ್‌ನಲ್ಲಿ ಕಂಡ ಅತಿ ಅಗ್ಗದ್ದನ್ನು ಬರೆಯುತ್ತಾನೆ. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸರ್ವೇಯರ್ ಬಂದಾಗ ಕತ್ತರಿಸಿದ ಕೇಬಲ್ ತೋರಿಸಿ, ಅದನ್ನು ಎಸೆಯಬೇಡಿ. ಕಿತ್ತ ಬೀಗ ಸೆಕ್ಯುರಿಟಿಯವರ ಹತ್ತಿರ ಇದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ. ಸಿಸಿಟಿವಿ ದೃಶ್ಯವನ್ನು ಈಗಲೇ ಪೆನ್‌ಡ್ರೈವ್‌ಗೆ ಹಾಕಿಸಿ. ಎಷ್ಟೋ ಕಡೆ ಡಿವಿಆರ್ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬರೆದುಬಿಡುತ್ತದೆ, ಆಮೇಲೆ ಅಳುವುದೊಂದೇ.

ಹಣ ಕೊಡುವ ಮುಂಚೆ ಛಾಪಾ ಕಾಗದದ ಮೇಲೆ ಒಂದು ಪತ್ರ ಬರೆಸಿಕೊಳ್ಳುತ್ತಾರೆ. ಮುಂದೆ ಸೈಕಲ್ ಸಿಕ್ಕರೆ ಅದು ಕಂಪನಿಗೆ, ಅಥವಾ ಹಣ ವಾಪಸ್ ಎಂದು. ಅದು ಮಾಮೂಲಿ, ಹೆದರಬೇಡಿ. ಮೊದಲೇ ಸೈಕಲ್ ಸಿಕ್ಕಿಬಿಟ್ಟರೆ ಕೋರ್ಟ್ ಮೂಲಕ ಬಿಡಿಸಿಕೊಳ್ಳಬೇಕು, ಅದನ್ನು ವಕೀಲರು ಹೇಳುತ್ತಾರೆ.

ಗಿರಿನಗರ_ಗೇರ್

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಈಮೇಲ್ ಹಾಕಿದ ಮೇಲೆ ಕ್ಲೇಮ್ ನಂಬರ್ ಬಂತು, ಸರ್ವೇಯರ್ ಹೆಸರೂ ಬಂತು. ಫೋನ್‌ನಲ್ಲಿ ಆಗುವುದೇ ಇಲ್ಲ ಎಂದವರು ಈಮೇಲ್‌ಗೆ ತುಂಬ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದಾರೆ. ಠಾಣೆಯಲ್ಲಿ ಮರುಹೇಳಿಕೆ ತಗೊಂಡರು, ಸ್ವಲ್ಪ ಗೊಣಗಿದರು ಅಷ್ಟೇ. ಕ್ರಯಪತ್ರದಲ್ಲಿ ಪಾರ್ಕಿಂಗ್ ನಂಬರ್ ಇದೆ. ಅಕಸ್ಮಾತ್ ಇಷ್ಟೆಲ್ಲ ಕೊಟ್ಟ ಮೇಲೂ ತಿರಸ್ಕರಿಸಿದರೆ ನೇರ ಗ್ರಾಹಕರ ಕೋರ್ಟಾ?

ಕೋರ್ಟ್_ಹಾಲ್_3

ನೇರ ಹೋಗಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಹಾಕಬೇಕು. ನೀವು ಕಂಪನಿಗೆ ಕಟ್ಟಿದ ಪ್ರೀಮಿಯಂ 5 ಲಕ್ಷ ದಾಟಿಲ್ಲವಾದ್ದರಿಂದ ಶುಲ್ಕವೂ ಇಲ್ಲ. ಆದರೆ ನಾನಾದರೆ ಮೊದಲು ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಕೋರ್ಟಿನ ಹೊರಗೆ ಬಗೆಹರಿಸುವ ಅಧಿಕಾರಿ) ಹತ್ತಿರ ಹೋಗುತ್ತೇನೆ. ಕರ್ನಾಟಕಕ್ಕೆ ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ (ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ), 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಅದಕ್ಕೆ ಮುಂಚೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ಒಂದು ತಿಂಗಳು ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ನಿಮಗೆ ಸರಿ ಬರದಿದ್ದರೆ, ಆಮೇಲೆ ಒಂದು ವರ್ಷದೊಳಗೆ ಹೋಗಬೇಕು. ನಡುವೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಒಂದು ದೂರು ದಾಖಲಿಸಿ, 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಒಂದೇ ನೆನಪಿಡಿ, ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿಬಿಟ್ಟರೆ ಆಮೇಲೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತದೆ.

ಕುವೆಂಪುನಗರ_ಮೈಸೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾವು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಇಬ್ಬರದ್ದೂ ಒಳ್ಳೆಯ ಸೈಕಲ್‌ಗಳು, ಕಾಂಪೌಂಡ್ ಒಳಗೆ ಶೀಟಿನ ಕೆಳಗೆ ನಿಲ್ಲಿಸುತ್ತೇವೆ. ಮನೆ ನಮ್ಮದಲ್ಲದಿದ್ದರೂ ಇಂಥ ಪಾಲಿಸಿ ಸಿಗುತ್ತಾ? ಯಾವುದು ತಗೊಳ್ಳಬೇಕು?

ಹಳೇ_ಸರ್ವೇಯರ್

ಸಿಗುತ್ತದೆ. ಕಟ್ಟಡ ಬಿಟ್ಟು ವಸ್ತುಗಳಿಗೆ ಮಾತ್ರ ಭಾರತ್ ಗೃಹ ರಕ್ಷಾ ತಗೊಳ್ಳಬಹುದು, ಬಾಡಿಗೆದಾರರಿಗೂ ಕೊಡುತ್ತಾರೆ. ಆದರೆ ನಿಮ್ಮ ವಿಷಯದಲ್ಲಿ ಬರ್ಗ್ಲರಿ ಆಡ್-ಆನ್ ಹಾಕಿಸಿದರೂ ಶೀಟಿನ ಕೆಳಗಿನ ಸೈಕಲ್‌ಗೆ ಇದೇ ತಕರಾರು ಬರುತ್ತದೆ. ಕಾಂಪೌಂಡ್ ಗೋಡೆ ಹಾರಿ ಬಂದು, ಸೈಕಲನ್ನು ಗೋಡೆಯ ಮೇಲಿಂದ ದಾಟಿಸಿದ ಎಂದರೆ ಏನನ್ನೂ ಒಡೆದಿಲ್ಲ ಎನ್ನುತ್ತಾರೆ.

ಸರ್ಕಾರಿ ವಲಯದ ವಿಮಾ ಕಂಪನಿಗಳಲ್ಲಿ ಹಿಂದಿನಿಂದಲೂ ಹೌಸ್‌ಹೋಲ್ಡರ್ಸ್ ಪಾಲಿಸಿ ಎಂದು ಒಂದಿದೆ. ಅದರಲ್ಲಿ ಟಿವಿಗೆ ಒಂದು ವಿಭಾಗ, ಲಗೇಜಿಗೆ ಒಂದು, ಹಾಗೆಯೇ ಪೆಡಲ್ ಸೈಕಲ್‌ಗೂ ಒಂದು ವಿಭಾಗ ಇರುತ್ತದೆ. ಸೈಕಲ್ ಇನ್ನೂ ಮನೆಮನೆಯ ವಾಹನವಾಗಿದ್ದ ಕಾಲದ್ದು ಅದು, ಈಗಿನ ಏಜೆಂಟರಿಗೆ ಅದು ಇದೆ ಎಂಬುದೇ ಮರೆತುಹೋಗಿದೆ. ಆ ವಿಭಾಗದಲ್ಲಿ ಕಳವು ನೇರವಾಗಿ ಸೇರುತ್ತದೆ, ನೀವು ಯಾರಿಗಾದರೂ ಗುದ್ದಿದರೆ ಅವರಿಗೆ ಕೊಡಬೇಕಾದ ಪರಿಹಾರವೂ ಸೇರುತ್ತದೆ. ರೇಸಿನಲ್ಲಿ ಆದ ನಷ್ಟ ಸೇರುವುದಿಲ್ಲ, ಬಾಡಿಗೆಗೆ ಕೊಟ್ಟರೆ ಇಲ್ಲ, ಬರೀ ಲೈಟು, ಬೆಲ್ಲು, ಸೀಟು ಬಿಚ್ಚಿಕೊಂಡು ಹೋದರೆ ಇಲ್ಲ. ಸೈಕಲ್ ಜೊತೆಗೇ ಹೋಗಿರಬೇಕು. ಶಾಖೆಗೆ ಹೋಗಿ ಕೇಳಿ, ಎರಡೂ ಸೈಕಲ್‌ಗಳ ಮಾಡೆಲ್, ಫ್ರೇಮ್ ನಂಬರ್, ಈಗಿನ ಬೆಲೆ ಶೆಡ್ಯೂಲ್‌ನಲ್ಲಿ ಬರೆಸಿ. ಬೆಲೆ ಕಡಿಮೆ ಬರೆಸಿ ಪ್ರೀಮಿಯಂ ಉಳಿಸಲು ಹೋಗಬೇಡಿ, ಕ್ಲೇಮ್ ಬಂದಾಗ ಅದೇ ಪ್ರಮಾಣದಲ್ಲಿ ಕತ್ತರಿ ಹಾಕುತ್ತಾರೆ.

ಗೊಣಗಾಟ

ಮತ್ತೆ ದಯವಿಟ್ಟು ಯೂ ಲಾಕ್ (U ಆಕಾರದ ಗಟ್ಟಿ ಸರಳಿನ ಬೀಗ) ತಗೊಳ್ಳಿ.